ಹಿಂದಿನ ಎಡಗಡೆಯ ಸೀಟು

2006ರ ಆರಂಭದಲ್ಲಿ ನಾವು ಗಾಡಿ ಹುಡುಕಲು ಹೊರಟಾಗ ನನ್ನ ಹೆಂಡತಿಯ ಪರ್ಸಿನಲ್ಲಿ ದರ್ಜಿಯ ಟೇಪು ಇತ್ತು. ಅವ್ವನ ಎಡ ಸೊಂಟದ ಕೀಲಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ತಗ್ಗಿನ ಸೀಟಿನಲ್ಲಿ ಕೂರಬಾರದು, ಎತ್ತರಕ್ಕೆ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಕೂರಬೇಕೆಂದರೆ ಆಕೆ ಕೆಳಕ್ಕೆ ಕುಸಿಯಬೇಕಿತ್ತು. ಜೀಪಿನಂಥ ಗಾಡಿಗೆ ಹತ್ತಬೇಕಿತ್ತು. ರಿಕ್ಷಾದ ಕುಲುಕಾಟ ಆಕೆಗೆ ಆಗುತ್ತಿರಲಿಲ್ಲ. ಕಾರೂ ಅಲ್ಲದ ಜೀಪೂ ಅಲ್ಲದ ಕ್ರಾಸ್‌ಓವರ್ ಗಾಡಿಗಳು ಆಗ ಪುಣೆಯ ರಸ್ತೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣತೊಡಗಿದ್ದವು. ಅವುಗಳ ಸೀಟು ಮಾತ್ರ ಟೇಪಿನಲ್ಲಿ ಅಳೆದಾಗ ಅವ್ವನ ಸೊಂಟದ ಮಟ್ಟಕ್ಕೆ ಸರಿಯಾಗಿ ಬರುತ್ತಿತ್ತು.

ಆಕೆ ಹಿಂದಿನ ಎಡಬಾಗಿಲಿಗೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ಕೂತು, ಮೊದಲು ಬಲಗಾಲು, ಆಮೇಲೆ ಕೈಯಿಂದ ಎತ್ತಿ ಎಡಗಾಲು ಒಳಗೆ ಎಳೆದುಕೊಳ್ಳುತ್ತಿದ್ದಳು. ಬಲಬಾಗಿಲಿನಿಂದ ಇದೇ ಕೆಲಸ ಉಲ್ಟಾ ಆಗುತ್ತಿತ್ತು, ನೋವಾಗುತ್ತಿತ್ತು. ಹಾಗಾಗಿ ಹಿಂದಿನ ಎಡಗಡೆಯ ಸೀಟು ಆಕೆಯದು. ಆ ಸೀಟು ಇದ್ದರೆ ಆಕೆ ಮನೆಯಿಂದ ಹೊರಗೆ, ಇಲ್ಲದಿದ್ದರೆ ಒಳಗೆ. ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಿಕೊಳ್ಳಲು ಶಿವಾಜಿನಗರಕ್ಕೆ, ಗುರುವಾರ ಮಧ್ಯಾಹ್ನ ಖಡಕಿಯಲ್ಲಿದ್ದ ತಂಗಿಯ ಮನೆಗೆ. ನಾನು ಮಾವಶಿ ಎನ್ನುತ್ತಿದ್ದ ಆ ತಂಗಿಗೆ ಕಣ್ಣು ಮಂದವಾಗಿತ್ತು, ಒಬ್ಬಳೇ ಬರುವಂತಿರಲಿಲ್ಲ. ಅವ್ವ ಹೋದರೆ ಮಾತ್ರ ಅಕ್ಕತಂಗಿಯರ ಭೇಟಿ.

ಗಾಡಿ ಮಾರಿದವರು ಹಳೆಯ ವಾಹನಗಳ ವ್ಯಾಪಾರ ಮಾಡುತ್ತಿದ್ದ ಹುಬ್ಬಳ್ಳಿ ಕಡೆಯ ಸಾಹುಕಾರರು. ನಾನು ಆಗ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಇದನ್ನು ಯಾರು ಹೇಳಿದರು, ನೀನು ನೋಡಿದೆಯಾ ಎಂದು ವರದಿಗಾರರನ್ನು ಕೇಳುವುದೇ ನನ್ನ ಉದ್ಯೋಗ. ಗಾಡಿಗೆ ಮುಂಬೈ ನಂಬರು. ಕಾಗದದಲ್ಲಿ ಅದು ಕೈ ಬದಲಾದದ್ದು ಹಿಂದಿನ ವರ್ಷದ ಮಳೆಗಾಲ ಮುಗಿಯುತ್ತಲೇ. ಆ ಜುಲೈನಲ್ಲಿ ಮುಂಬೈ ಮುಳುಗಿದ ಸುದ್ದಿಯನ್ನು ನಾನೇ ದಿನಗಟ್ಟಲೆ ತಿದ್ದಿದ್ದೆ. ಆದರೆ ಸಾಹುಕಾರರು "ಬರ್ರಿ, ಬರ್ರಿ, ನಮ್ಮ ಕಡೇವ್ರು ಬಂದ್ರು" ಎಂದು ಕುರ್ಚಿ ಎಳೆದು ಕೂರಿಸಿದರು. ಅವರ ಅಕ್ಕನನ್ನು ಕೊಟ್ಟದ್ದು ಧಾರವಾಡದಲ್ಲಿ ನಮ್ಮದೇ ಓಣಿಗೆ ಎಂದು ತಿಳಿಯಿತು. ಚಹಾ ಬಂತು. ಗಾಡಿಯ ಬಗ್ಗೆ ನಾನು ಏನೂ ಕೇಳಲಿಲ್ಲ.

ಬೇಸಿಗೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಜೂನ್ ಕೊನೆಯ ಒಂದು ಗುರುವಾರ, ತುಂತುರು ಮಳೆ. ಖಡಕಿಯಲ್ಲಿ ಮಾವಶಿಯ ಮನೆ ಮುಂದೆ ಗೇಟು ತೆಗೆಯಲು, ಗಾಡಿ ಓಡಿಸುತ್ತಿದ್ದ ನನ್ನ ಹೆಂಡತಿ ಇಳಿದಳು. ಎಂಜಿನ್ ಚಾಲೂ ಇತ್ತು, ಕೀಲಿ ಅದರಲ್ಲೇ ಇತ್ತು. ಬೆನ್ನ ಹಿಂದೆ 'ಟಕ್' ಎಂದಿತು. ತಿರುಗಿ ನೋಡಿದರೆ ನಾಲ್ಕೂ ಬಾಗಿಲು ಲಾಕ್. ಒಳಗೆ ಅವ್ವ ಒಬ್ಬಳೇ.

ಸಂಜೆ ಕಚೇರಿಯಿಂದ ಬಂದು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಹೊತ್ತಿನ ವಿಷಯವೊಂದನ್ನು ಬಿಟ್ಟು ಇಬ್ಬರ ಮಾತೂ ಹೊಂದಿತು. ಹೆಂಡತಿಯ ಪ್ರಕಾರ ಹತ್ತು ನಿಮಿಷ; ಅವ್ವನ ಪ್ರಕಾರ ಅರ್ಧ ತಾಸು. ಆಮೇಲೆ ಲಾಕು ತಾನಾಗಿಯೇ ಬಿಟ್ಟುಕೊಂಡಿತ್ತು.

"ಕಿಡಿಕಿ ಪಕ್ಕದ ಲಾಕಿನ ಗುಂಡಿ ಮ್ಯಾಲೆ ಎತ್ತಬೇಕಿತ್ತಲ್ಲವ್ವಾ" ಎಂದೆ.

"ಎತ್ತಲಿಲ್ಲಂತ ತಿಳದೀಯೇನು? ನಾ ಎತ್ತತೀನಿ, ಅದು ಒತ್ತತದ. ಮತ್ತ ಎತ್ತತೀನಿ, ಮತ್ತ ಒತ್ತತದ. ಸಣ್ಣ ಹುಡುಗೂರ ಜೋಡಿ ಹಟಕ್ಕ ಬಿದ್ದಂಗ."

ಜುಲೈಯಲ್ಲಿ ಇನ್ನೂ ಮೂರು ಸಲ ಹಾಗಾಯಿತು. ಮೂರೂ ಸಲ ಗಾಡಿ ಓಡಿಸುತ್ತಿದ್ದವರು ಇಳಿದಿದ್ದರು, ಅವ್ವ ಹಿಂದೆ ಕೂತಿದ್ದಳು. ನಾನು ಎರಡು ವಾರ ಅದೇ ಗಾಡಿಯಲ್ಲಿ ಒಬ್ಬನೇ ಕಚೇರಿಗೆ ಹೋಗಿ ಬಂದೆ. ಬೇಕೆಂದೇ ಎಂಜಿನ್ ಚಾಲೂ ಇಟ್ಟು ಇಳಿದೆ, ನಿಂತೆ, ಹತ್ತಿದೆ. ಏನೂ ಆಗಲಿಲ್ಲ. ಸೀಟಿನ ಮೇಲೆ ಭಾರ ಬಿದ್ದಾಗ ಹೀಗಾಗುತ್ತಿರಬಹುದು ಎಂದು ಹೆಂಡತಿ ಅಕ್ಕಿ ಚೀಲ ಇಟ್ಟು ನೋಡಿದಳು. ಆಗಲೂ ಏನೂ ಇಲ್ಲ.

ಸಾಸವಡ ರಸ್ತೆಯಲ್ಲಿ ಗಾಡಿ ರಿಪೇರಿಯ ಶೆಡ್ಡು ಹಾಕಿಕೊಂಡಿದ್ದ ಮಿಸ್ತ್ರಿಯ ಬಳಿ ಗಾಡಿ ಒಯ್ದೆ. ಬೆಳಗಾವಿಯವರು, ಐವತ್ತು ದಾಟಿದವರು. ಎಲ್ಲ ಕೇಳಿಕೊಂಡು ನಕ್ಕರು.

"ಅಕ್ಕಿ ಚೀಲ ಅಲ್ಲಾಡಂಗಿಲ್ರಿ ಸಾಹೇಬ, ಮನಶ್ಯಾ ಅಲ್ಲಾಡತಾನ. ಸೀಟಿನ ಬುಡಕ ಯಾವದೋ ವೈರ್ ಟಚ್ ಆಗಾಕತ್ತದ. ಎರಡು ಮಿನಿಟಿನ ಕೆಲಸ. ನಾನ ಕುಂದರತೀನಿ, ನೀವು ಹೊರಗ ನಿಂದರ್ರಿ."

ಎಂಜಿನ್ ಚಾಲೂ ಇಟ್ಟು, ಕೀಲಿ ಅದರಲ್ಲೇ ಬಿಟ್ಟು, ಹಿಂದಿನ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಹಗಲು ಹನ್ನೊಂದರ ಹೊತ್ತು, ಬಿಸಿಲಿತ್ತು. ಅವರು ಗಾಜಿನ ಆಚೆಯಿಂದ ನನಗೆ ಕೈ ಬೀಸಿ, ಸೀಟಿನ ಮೇಲೆ ಕುಣಿದು ತೋರಿಸಿದರು. ಟಕ್. ನಗುತ್ತಲೇ ಗುಂಡಿ ಎತ್ತಿದರು. ಟಕ್. ಮತ್ತೆ ಎತ್ತಿದರು. ಐದಾರು ಸಲ ಆದ ಮೇಲೆ ಮುಖದ ನಗು ಹೋಯಿತು. ಮುಂದಿನ ಸೀಟಿಗೆ ದಾಟಿ ಅಲ್ಲಿನ ಗುಂಡಿ ಎತ್ತಿದರು, ಅದೂ ಕೂತಿತು. ಒಳಗೆ ಅವರ ಬಾಯಿ ಏನೋ ಹೇಳುತ್ತಿತ್ತು, ನನಗೆ ಕೇಳಿಸಲಿಲ್ಲ. ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ. ಆಮೇಲೆ ಲಾಕು ಬಿಟ್ಟಿತು.

ಮಿಸ್ತ್ರಿ ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ತೊಳೆದರು. "ಬಿಚ್ಚೂಣ್ರಿ" ಎಂದಷ್ಟೇ ಹೇಳಿದರು.

ಸೀಟು ಕಳಚಿ, ಕಾರ್ಪೆಟ್ ಎತ್ತಿದಾಗ ಕೆಳಗೆ ಒಣಗಿ ಬಿರುಕುಬಿಟ್ಟ ಬೂದು ಮಣ್ಣಿನ ಪದರ ಕಂಡಿತು. ಒಂದು ತುಣುಕನ್ನು ಬೆರಳಲ್ಲಿ ಪುಡಿ ಮಾಡಿ ಮೂಸಿದರು.

"ಇದು ಪುಣೇದ ಮಣ್ಣಲ್ಲ. ಖಾಡಿ ರಾಡಿ, ಸಮುದ್ರದ ಹಿನ್ನೀರಿಂದು. ಸಮುದ್ರದ ವಾಸನಿ ಅದ, ನೋಡ್ರಿ. ಈ ಗಾಡಿ ಮುಂಬೈನಾಗ ಮುಣಗಿ ಎದ್ದದ."

ಮಣ್ಣಿನ ಕೆಳಗೆ, ಎಡಗಡೆಯ ಸೀಟಿನ ನೇರಕ್ಕೆ, ವೈರುಗಳ ಒಂದು ಜಾಯಿಂಟ್ ಹಸಿರುಗಟ್ಟಿ ಬಾಯಿ ಬಿಟ್ಟಿತ್ತು. ಮೇಲೆ ಕೂತವರು ಅಲ್ಲಾಡಿದರೆ ತಾಗುತ್ತದೆ, ಲಾಕು ಬೀಳುತ್ತದೆ. ಕಾರಣ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ ನಾನು ಮನೆಗೆ ಹೋಗಬಹುದಿತ್ತು.

ಹಿಂದಿನ ಛಾವಣಿಯ ಬಟ್ಟೆ ಸಡಿಲಾಗಿ ಜೋಲುತ್ತಿತ್ತು. ಇದೇ ಕೈಯಲ್ಲಿ ಅದನ್ನೂ ಅಂಟಿಸಿಬಿಡುತ್ತೇನೆ ಎಂದು ಮಿಸ್ತ್ರಿ ಅಂಚು ಹಿಡಿದು ಎಳೆದರು. ಅದು ಹೊಸ ಬಟ್ಟೆ. ಅದರ ಹಿಂದೆ ಹಳೆಯದು ಹಾಗೇ ಇತ್ತು. ಛಾವಣಿಗಿಂತ ನಾಲ್ಕು ಬೆರಳು ಕೆಳಗೆ, ಬಾಗಿಲ ಕಂಬದ ಮೇಲೆ, ನೀರು ನಿಂತ ಗೆರೆ. ಆ ಗೆರೆಯ ಮೇಲೆ, ಎಡಗಡೆಯ ಸೀಟಿನ ನೆತ್ತಿಗೆ, ಹಳೆಯ ಬಟ್ಟೆಯಲ್ಲಿ ಎರಡು ಅಂಗೈ ಗುರುತು. ಬೂದು ಮಣ್ಣಿನವು. ಬೆರಳುಗಳು ಅಗಲಿಸಿದ್ದವು. ಮೂಗು ನೀರಿನ ಮೇಲಿರಲಿ ಎಂದು ಯಾರೋ ಛಾವಣಿಗೆ ಕೈ ಊರಿದ್ದರು. ಅವು ಸಣ್ಣ ಕೈಗಳಲ್ಲ.

ಆಮೇಲೆ ಮಿಸ್ತ್ರಿ ಕೆಳಗಿಳಿದು ಗಾಡಿಯ ಸುತ್ತ ಒಂದು ಸುತ್ತು ಬಂದರು. ಪ್ರತಿ ಕಿಟಕಿಯ ಗಾಜಿನ ಮೂಲೆಯಲ್ಲಿ ಕಾರ್ಖಾನೆಯ ಸಣ್ಣ ಗುರುತು ಕೊರೆದಿರುತ್ತದೆ. ಅದನ್ನು ಒಂದೊಂದಾಗಿ ನೋಡಿದರು. ಮೂರು ಬಾಗಿಲುಗಳದು ಒಂದೇ ಗುರುತು. ಹಿಂದಿನ ಎಡಬಾಗಿಲಿನದು ಬೇರೆ.

"ಈ ಕಾಚು ಬದ್ಲಿ ಮಾಡ್ಯಾರ. ಅಂದ್ರ ಒಡದಾರ. ಒಡದದ್ದು ಖರೆ."

"ಅಂದ್ರ ಒಳಗಿದ್ದವರನ್ನ ಹೊರಗ ತಗದಾರ."

"ತಗದಾರ. ಯಾವಾಗ ಒಡದ್ರು ಅನ್ನೂದನ್ನ ಕಾಚು ಹೇಳಂಗಿಲ್ರಿ ಸಾಹೇಬ."

ಮರುದಿನ ಸಾಹುಕಾರರ ಅಂಗಡಿಗೆ ಹೋದೆ. ಸಿಟ್ಟು ಮಾಡಬೇಕೆಂದೇ ಹೋಗಿದ್ದೆ. ಅವರು ಕುರ್ಚಿ ಎಳೆದರು, ನಾನು ಕೂರಲಿಲ್ಲ.

"ನೀರಾಗ ಮುಣಗಿದ ಗಾಡಿ ಅಂತ ಯಾಕ ಹೇಳಲಿಲ್ರಿ?"

"ನೀವು ಕೇಳಲಿಲ್ಲಲ್ರಿ" ಎಂದರು ಅವರು, ಮೆತ್ತಗೆ. "ಪೇಪರಿನವ್ರು ಅಂದ ಕೂಡ್ಲೆ ನಾ ಹೆದರಿದ್ದೆ. ಇವ್ರು ಕೇಳತಾರ, ನಾ ಸುಳ್ಳು ಹೇಳೂ ಮನಶ್ಯಾ ಅಲ್ಲ, ಹೇಳಬೇಕಾಗತದ ಅಂತ. ನೀವು ಏನ ಕೇಳಿದ್ರಿ? ಧಾರವಾಡದಾಗ ಯಾವ ಓಣಿ ಅಂತ ಕೇಳಿದ್ರಿ. ಅದಕ್ಕ ಖರೇ ಉತ್ತರಾ ಕೊಟ್ಟೀನಿ."

ಗಾಡಿ ಹರಾಜಿನಲ್ಲಿ ಬಂದದ್ದು, ಒಳಗೆ ಯಾರಿದ್ದರೆಂದು ತನಗೆ ಗೊತ್ತಿಲ್ಲ ಎಂದರು. ಅದು ನಿಜವಿರಬೇಕು.

ಕಾಗದದಲ್ಲಿ ಮೊದಲ ಮಾಲೀಕರ ಹೆಸರು, ವಿಳಾಸ ಇತ್ತು. ಮುಂಬೈಯ ಸಹೋದ್ಯೋಗಿಯೊಬ್ಬರು ಎರಡೇ ದಿನದಲ್ಲಿ ಫೋನ್ ನಂಬರು ಹುಡುಕಿ ಕೊಟ್ಟರು. ಮಧ್ಯಾಹ್ನ ಊಟದ ಹೊತ್ತಿಗೆ, ಕಚೇರಿ ಖಾಲಿಯಾಗಿದ್ದಾಗ ಮಾಡಿದೆ. ಎತ್ತಿದವರು ಮಧ್ಯವಯಸ್ಸಿನ ದನಿಯ ಒಬ್ಬ ಗಂಡಸು. ಹಿಂದಿಯಲ್ಲಿ ಮಾತಾಡಿದೆವು. ಗಾಡಿಯ ನಂಬರು ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಇನ್ನೂ ಓಡುತ್ತಿದೆಯೇ?"

ಆ ದಿನ ಅವರು ಗಾಡಿ ಓಡಿಸುತ್ತಿದ್ದರು. ಹಿಂದೆ ಅವರ ತಂದೆ. ನೀರು ಎಷ್ಟಿದೆ ನೋಡೋಣ ಎಂದು ಇವರು ಇಳಿದರು. ಬೆನ್ನ ಹಿಂದೆ ಲಾಕು ಬಿತ್ತು. ನೀರು ಏರಿತು. ಕೊನೆಗೆ ಯಾರೋ ಇಬ್ಬರು ಫುಟ್‌ಪಾತಿನ ಕಲ್ಲು ಕಿತ್ತು ತಂದು ಗಾಜು ಒಡೆದು ತಂದೆಯನ್ನು ಎಳೆದರು. ತಂದೆ ಬದುಕಿದರು, ಈಗಲೂ ಇದ್ದಾರೆ, ಆದರೆ ಯಾವ ಕಾರಿನಲ್ಲೂ ಕೂರುವುದಿಲ್ಲ.

ನೀರು ಹೊಕ್ಕು ವೈರಿಂಗ್ ಕೆಟ್ಟಿತೇ ಎಂದು ಕೇಳಿದೆ. ಅವರು ಉತ್ತರಿಸಿದರು: "ಇಲ್ಲ. ಲಾಕು ಬಿದ್ದಾಗ ನೀರು ಚಕ್ರದ ಅರ್ಧಕ್ಕಿತ್ತು. ಒಳಗೆ ಒಂದು ಹನಿಯೂ ಇರಲಿಲ್ಲ. ಅದಕ್ಕೂ ಮೊದಲು ಎರಡು ಸಲ ಹಾಗೆಯೇ ಆಗಿತ್ತು. ತಂದೆ ಕೂತಾಗ."

ಹಾಗಾದರೆ ಮಿಸ್ತ್ರಿ ತೋರಿಸಿದ ಹಸಿರುಗಟ್ಟಿದ ಜಾಯಿಂಟು ಕಾರಣವಲ್ಲ. ಅದು ಆಮೇಲಿನದು. ನಾನು ಪೆನ್ನು ಕೆಳಗಿಟ್ಟೆ.

"ಈಗ ಹಿಂದೆ ಎಡಗಡೆ ಯಾರು ಕೂರುತ್ತಾರೆ?" ಎಂದು ಅವರು ಕೇಳಿದರು.

"ನನ್ನ ತಾಯಿ."

ಆ ಕಡೆಯಿಂದ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. "ಬಲಗಡೆ ಕೂರಿಸಿ" ಎಂದು ಫೋನ್ ಇಟ್ಟರು.

ಬಲಗಡೆ ಆಕೆ ಕೂರಲಾರಳು. ಅದನ್ನು ಅವರಿಗೆ ಹೇಳುವ ಅವಕಾಶ ಸಿಗಲಿಲ್ಲ.

ಹೆಂಡತಿ ಆ ಗಾಡಿಯನ್ನು ಮತ್ತೆ ಮನೆಗೆ ತರಬೇಡಿ ಎಂದಳು. ಮಿಸ್ತ್ರಿಯೂ ಅದನ್ನೇ ಹೇಳಿದರು: "ವೈನಿ ಹೇಳೂದು ಬರೋಬರ್ ಅದ. ಕೊಟ್ಟಬಿಡ್ರಿ." ನಾನು ಅವ್ವನ ಮುಂದೆ ಕೂತು ಎಲ್ಲವನ್ನೂ, ಅಂಗೈ ಗುರುತು ಸಹಿತ, ಒಂದೂ ಬಿಡದೆ ಹೇಳಿದೆ. ಅವ್ವ ಸೊಪ್ಪು ಸೋಸುತ್ತಿದ್ದಳು.

"ಆ ಮುದುಕಪ್ಪ ಹೊರಗ ಬಂದನಲ್ಲ?"

"ಬಂದಾರ."

"ಮತ್ತ? ಗಾಡಿ ಮಾರಿದ್ರ ಯಾರ ತಗೋತಾರ?"

"ಯಾರಾದರೂ."

"ಅವರ ಮನ್ಯಾಗೂ ಒಬ್ಬಾಕಿ ಅವ್ವ ಇರತಾಳ. ಆಕಿ ಅಲ್ಲೇ ಕುಂದರತಾಳ. ಆಕೀಗೆ ಯಾರೂ ಹೇಳಿರಂಗಿಲ್ಲ." ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟಳು. "ನನಗ ಹೇಳೀಯಲ್ಲ. ನಾ ಖಡಕಿಗೆ ಹೋಗಬೇಕು. ತಂಗಿ ಮಾರಿ ನೋಡಿ ಮೂರು ವಾರಾತು. ಆಕೀಗೆ ಕಣ್ಣು ಪೂರ್ತಿ ಹೋಗೂದ್ರಾಗ ನಾ ಕಾಣಸಬೇಕು."

ಮಿಸ್ತ್ರಿ ನಾಲ್ಕೂ ಬಾಗಿಲಿನ ಲಾಕಿನ ಮೋಟಾರುಗಳನ್ನು ಕಿತ್ತು, ವೈರುಗಳ ತುದಿ ಕತ್ತರಿಸಿ, ಟೇಪು ಸುತ್ತಿದರು. ಮೋಟಾರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಇನ್ನು ಕೈಯಿಂದ ಒತ್ತಿದರೆ ಮಾತ್ರ ಗುಂಡಿ ಕೂರುತ್ತದೆ, ಕೈಯಿಂದ ಎತ್ತಿದರೆ ಏಳುತ್ತದೆ. ಹಳೆಯ ಛಾವಣಿ ಬಟ್ಟೆಯನ್ನು ಅವರು ತೆಗೆಯಲಿಲ್ಲ. ಮೇಲೆ ಇನ್ನೊಂದನ್ನು ಅಂಟಿಸಿದರು. ತೆಗೆಯಿರಿ ಎಂದು ನಾನೂ ಹೇಳಲಿಲ್ಲ.

ಮುಂದಿನ ಗುರುವಾರ ನಾನೇ ಓಡಿಸಿದೆ. ಹೆಂಡತಿ ನನ್ನ ಪಕ್ಕ. ಅವ್ವ ತನ್ನ ಸೀಟಿನಲ್ಲಿ, ಮಡಿಲಲ್ಲಿ ಏಲಕ್ಕಿ ಕುಟ್ಟುವ ಹಿತ್ತಾಳೆಯ ಗುಂಡು. ಕಾಚು ಒಡೆಯಲಿಕ್ಕೆ ಎಂದಿದ್ದಳು. ಹೊರಡುವಾಗ ಆಕೆಯ ಬಾಗಿಲಿನ ಗುಂಡಿ ಮೇಲಿತ್ತು. ನಾನೇ ಕೈಯಿಂದ ಮುಟ್ಟಿ ನೋಡಿದ್ದೆ. ದಾರಿಯಲ್ಲಿ ಆಕೆ ಎರಡೂ ಕೈಯಿಂದ ಗುಂಡನ್ನು ಹಿಡಿದಿದ್ದನ್ನು ಕನ್ನಡಿಯಲ್ಲಿ ನೋಡುತ್ತಿದ್ದೆ.

ಖಡಕಿಯಲ್ಲಿ ನಿಲ್ಲಿಸಿ, ಇಳಿದು, ಸುತ್ತಿಬಂದು ಆಕೆಯ ಬಾಗಿಲು ಎಳೆದೆ. ಬರಲಿಲ್ಲ. ಗಾಜಿನಿಂದ ಒಳಗೆ ನೋಡಿದರೆ ಗುಂಡಿ ಕೆಳಗೆ ಕೂತಿತ್ತು. ಉಳಿದ ಮೂರು ಬಾಗಿಲಿನವು ಮೇಲಿದ್ದವು.

ರಸ್ತೆಯ ಕುಲುಕಿಗೆ ಕೂತಿರಬಹುದು ಎಂದು ಮಿಸ್ತ್ರಿ ಆಮೇಲೆ ಹೇಳಿದರು. ಕೂತಿರಬಹುದು. ಆ ಹೊತ್ತಿಗೆ ನನ್ನ ಕೈ ಹಿಡಿಕೆಯ ಮೇಲಿತ್ತು, ಅದನ್ನು ಬಿಡಲಿಕ್ಕಾಗಲಿಲ್ಲ. ಹೆಂಡತಿ ಒಳಗಿನಿಂದ ಹಿಂದಕ್ಕೆ ಕೈ ಚಾಚಿದಳು. ಅವ್ವ ಬೇಡವೆಂದು ತಲೆಯಾಡಿಸಿದಳು. ಹಿತ್ತಾಳೆಯ ಗುಂಡನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ಆಮೇಲೆ ಗುಂಡಿಯ ಕಡೆಗಲ್ಲ, ಅದಕ್ಕಿಂತ ಸ್ವಲ್ಪ ಮೇಲಕ್ಕೆ, ಛಾವಣಿಯ ಬಟ್ಟೆಯ ಕಡೆಗೆ ನೋಡಿ ಮಾತಾಡಿದಳು. ಗಾಜು ಎರಡು ಬೆರಳಷ್ಟು ಇಳಿದಿತ್ತು, ನನಗೆ ಸ್ಪಷ್ಟವಾಗಿ ಕೇಳಿಸಿತು.

"ಸಾಕಪಾ ಇನ್ನ. ನೀರು ಇಳದದ. ನಾ ಇಳೀಬೇಕು."

ಎರಡು ಬೆರಳಿನಿಂದ ಗುಂಡಿ ಎತ್ತಿದಳು. ಎದ್ದಿತು. ಹಾಗೇ ನಿಂತಿತು.

ಬಾಗಿಲು ತೆಗೆದೆ. ಆಕೆ ಎಡಗಾಲನ್ನು ಕೈಯಿಂದ ಎತ್ತಿ ಹೊರಗಿಟ್ಟು, ನನ್ನ ಹೆಗಲು ಹಿಡಿದು ನಿಂತಳು. ಗೇಟಿನ ಬಳಿ ಮಾವಶಿ ಗೋಡೆ ಹಿಡಿದು ನಿಂತಿದ್ದಳು, ಮುಖವನ್ನು ಸದ್ದಿನ ಕಡೆ ಮಾಡಿ.

"ಯಾರ ಜೋಡಿ ಮಾತಾಡಾಕತ್ತಿದ್ದಿ ಅಕ್ಕಾ? ಯಾರನ್ನ ಕರಕೊಂಡ ಬಂದೀ?"

ಅವ್ವ ನಾನು ಗಾಡಿಯಿಂದ ತೆಗೆದುಕೊಟ್ಟ ವಾಕರ್ ಊರಿಕೊಂಡು ಅವಳ ಹತ್ತಿರ ಹೋದಳು, ಅವಳ ಕೈ ತೆಗೆದು ತನ್ನ ಮುಖದ ಮೇಲೆ ಇಟ್ಟುಕೊಂಡಳು.

"ಮೊದಲ ನನ್ನ ನೋಡು. ಆಮ್ಯಾಲೆ ಚಾ ಹಾಕು."