ಬೂದಿ ಡಬ್ಬಿಯ ಅವರೆ

ಜುಲೈ 14, 2013, ಭಾನುವಾರ, ಬೆಳಗ್ಗೆ ಎಂಟು ಗಂಟೆ. ಕಿಲೆಲೆಶ್ವಾ, ನೈರೋಬಿ.

ಇಲ್ಲಿ ಜುಲೈ ಎಂದರೆ ಚಳಿ. ನಾನು ಉಳಿದುಕೊಂಡಿರುವ ಸುಧಕ್ಕನ ಮನೆಯ ಜಗಲಿಯಲ್ಲಿ ಸಂಜೆ ಇದ್ದಿಲ ಒಲೆ ಹಚ್ಚುತ್ತಾರೆ. ಬೆಳಗ್ಗೆ ಅದರ ಬೂದಿಯನ್ನು ಮನೆಗೆಲಸದ ವಾಂಜಿರು ಸೊಪ್ಪಿನ ಪಾತಿಗೆ ಎರಚುತ್ತಾಳೆ, ಹುಳು ಬರುವುದಿಲ್ಲವಂತೆ. ಇವತ್ತು ಅಡುಗೆಮನೆಯ ಡಬ್ಬಿಯಲ್ಲಿದ್ದ ಬೂದಿಯನ್ನೂ ಎರಚಿ, ಮಣ್ಣು ಕೆದಕಿ, ನೀರು ಹಾಕಿಬಿಟ್ಟಿದ್ದಾಳೆ. ಆ ಬೂದಿಯೊಳಗೆ ಸುಧಕ್ಕ ಊರಿನಿಂದ ತಂದ ಅವರೆ ಬೀಜವಿತ್ತು; ನೆನೆದ ಬೀಜವನ್ನು ಆರಿಸಿ ಮತ್ತೆ ಎತ್ತಿಡುವಂತಿಲ್ಲ. ಹುಳು ಹಿಡಿಯದಿರಲೆಂದು ನಮ್ಮ ಕಡೆ ಬಿತ್ತನೆ ಬೀಜವನ್ನು ಬೂದಿಯಲ್ಲಿಡುತ್ತಾರೆ.

"ಅಮ್ಮ ಬೆಳೆದಿದ್ದು ಕಣೇ. ಅವಳು ಹೋದ್ಮೇಲೆ ಊರಲ್ಲೂ ಈ ಬೀಜ ಇಲ್ಲ," ಎಂದಳು ಸುಧಕ್ಕ. "ಸಾರು ಕುದಿಯೋವಾಗ ಬೀದಿಗೆಲ್ಲ ಸೊಗಡು ಬರೋದು."

ವಾಂಜಿರು ಕೈ ಒರೆಸಿಕೊಂಡು ಇಂಗ್ಲಿಷಿನಲ್ಲಿ ಅಂದಳು, "ಮಣ್ಣಿಗೆ ತಾನೇ ಬಿದ್ದಿರೋದು ಮೇಡಂ? ಹುಟ್ಟುತ್ತೆ ಬಿಡಿ. ಡಬ್ಬಿಯಲ್ಲಿದ್ದು ಏನು ಮಾಡ್ತಿತ್ತು?"

"ಹುಟ್ಟೋದೇನೋ ಹುಟ್ಟುತ್ತೆ. ಹೂ ಬಿಡದಿದ್ರೆ ವಂಶವೇ ಮುಗೀತಲ್ಲ. ಆ ಭಯಕ್ಕೇ ಬಿತ್ತಿರಲಿಲ್ಲ."

ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ. ಇಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ ಒಂದೇ ಅಳತೆ. ಸುಧಕ್ಕ ಪಾತಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಕಾಫಿಗೆ ಕರೆದರೂ ಬರಲಿಲ್ಲ. ಈ ಸೀಮೆಯಲ್ಲಿ ನಮ್ಮ ನಾಟಿ ಅವರೆ ಬೆಳೆದವರು ಯಾರಾದರೂ ಇದ್ದರೆ, ಅದು ಹೂ ಬಿಟ್ಟಿತೇ ಎಂದು ದಯವಿಟ್ಟು ಬರೆದು ತಿಳಿಸಿ.