ಪತ್ತಾರ ಕಾಕಾನ ದನಿಯಲ್ಲಿ ಚುಚ್ಚಿದ ಕಿವಿ

ನನ್ನ ಎಡಗಿವಿಯನ್ನು ನಾನೇ ಚುಚ್ಚಿಕೊಂಡೆ. ಯಾರ ಒತ್ತಾಯವೂ ಇರಲಿಲ್ಲ, ಕುಡಿದಿರಲಿಲ್ಲ, ಪ್ರೇಮವೂ ಇರಲಿಲ್ಲ. ಕಿವಿ ಚುಚ್ಚುವವರ ದನಿ ನನಗೆ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಕಿವಿ ಚುಚ್ಚುವುದೂ ಬರುತ್ತದೆ ಎಂದುಕೊಂಡೆ.

ನಾನು ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತೇನೆ. ರಿಪೇರಿಗಿಂತ ಜನರ ನಕಲು ಮಾಡುವುದೇ ಜಾಸ್ತಿ ಎಂದು ಗಿರಾಕಿಗಳ ದೂರು. ನಮ್ಮ ಬಳಗದ ಮದುವೆಗಳಲ್ಲಿ ಊಟವಾದ ಮೇಲೆ ನನ್ನನ್ನು ಎದ್ದು ನಿಲ್ಲಿಸುತ್ತಾರೆ. ಫೋನಿನಲ್ಲಿ ಕೂಗುವ ಅತ್ತೆ, ಪಿಯುಸಿಯಲ್ಲಿ ನನ್ನನ್ನು ಫೇಲು ಮಾಡಿದ ಮಾಸ್ತರು, ಫೇಲಾಗಿ ಮನೆಗೆ ಬಂದ ನಾನು, ಎಲ್ಲರೂ ನನ್ನ ಬಾಯಲ್ಲಿ ಬರುತ್ತಾರೆ. ಆದರೆ ಮಂದಿ ಕೇಳುವುದು ಒಂದೇ: "ಪತ್ತಾರ ಕಾಕಾನ್ನ ಮಾಡಲೇ ತಮ್ಮಾ."

ಪತ್ತಾರ ಕಾಕಾ ಅಫಜಲಪುರದ ಅಕ್ಕಸಾಲಿಗರು. ನಮ್ಮವ್ವನ ತವರು ಆ ಕಡೆಯ ಅತನೂರ. ಅವ್ವನ ಮೂಗು, ಅಕ್ಕನ ಕಿವಿ, ಕೂಸಿದ್ದಾಗ ನನ್ನ ಕಿವಿಯ ಹಾಲೆ, ಎಲ್ಲವನ್ನೂ ಚುಚ್ಚಿದವರು ಅವರೇ. ಚಷ್ಮಾವನ್ನು ಮೂಗಿನ ತುದಿಗೆ ಇಳಿಸುತ್ತಾರೆ. ಎರಡು ಸಲ ಕೆಮ್ಮುತ್ತಾರೆ. ಮಗುವಿನ ಕಿವಿ ಹಿಡಿದು, "ನೋಡವಾ, ಗ್ವಾಡಿ ಮ್ಯಾಲ ಹಲ್ಲಿ ಏನ್ ಮಾಡಾಕತ್ತದ?" ಎನ್ನುತ್ತಾರೆ. ಮಗು ಗೋಡೆ ನೋಡುತ್ತದೆ. ಅಲ್ಲಿ ಹಲ್ಲಿ ಇರುವುದಿಲ್ಲ. ಅಷ್ಟರಲ್ಲಿ ಕಿವಿಯಲ್ಲಿ ಬಂಗಾರದ ತಂತಿ ಇರುತ್ತದೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಇದನ್ನೇ ಮಾಡಿ ತೋರಿಸುತ್ತಿದ್ದೆ. ಪಕ್ಕದ ಬಳೆ ಅಂಗಡಿಯ ಗೆಳೆಯ ನಗಲಿಲ್ಲ. "ಬಾಯಿಲೆ ಎಲ್ಲಾರೂ ಚುಚ್ತಾರ. ಸೂಜೀಲೆ ಚುಚ್ಚಿ ತೋರ್ಸು," ಎಂದ. ಕಿವಿಯ ಹಾಲೆಯಲ್ಲಿ ಆಗಲೇ ತೂತಿತ್ತು. ಅದು ಎಲ್ಲರಿಗೂ ಇರುತ್ತದೆ, ಸ್ಟೈಲ್ ಅಲ್ಲ. ಮೇಲಿನ ಗಟ್ಟಿ ಅಂಚಿನಲ್ಲಿ ಚುಚ್ಚಿಕೊಳ್ಳುವುದು ಎಂದು ತೀರ್ಮಾನವಾಯಿತು. ಗೆಳೆಯ ತನ್ನ ಅಂಗಡಿಯಿಂದ ಹೊಳೆಯುವ ಒಂದು ರಿಂಗ್ ತಂದುಕೊಟ್ಟ. ಬಟ್ಟೆ ಹೊಲಿಯುವ ಸೂಜಿಯನ್ನು ಮೊಬೈಲಿನ ಪರದೆ ಒರೆಸುವ ದ್ರವದಿಂದ ಒರೆಸಿದೆ. ಪರದೆಗಳಿಗೆ ಅದರಿಂದ ಇದುವರೆಗೆ ಏನೂ ಆಗಿಲ್ಲ.

ಚಷ್ಮಾ ಇರಲಿಲ್ಲ, ಇದ್ದಂತೆ ಇಳಿಸಿದೆ. ಎರಡು ಸಲ ಕೆಮ್ಮಿದೆ. ಹಲ್ಲಿಯ ಮಾತನ್ನು ನನಗೆ ನಾನೇ ಹೇಳಿಕೊಂಡು, ಗೋಡೆಯನ್ನೂ ನೋಡಿದೆ. ಸೂಜಿ ಅರ್ಧಕ್ಕೆ ನಿಂತಿತು. ಕಾಕಾನ ದನಿ ಅಲ್ಲಿಗೆ ಮುಗಿಯಿತು. ಮುಂದೆ ಬಂದದ್ದು ನನ್ನ ಸ್ವಂತ ದನಿ. ಅದನ್ನು ಗೆಳೆಯ ಈಗಲೂ ಬಳೆ ಕೊಳ್ಳಲು ಬಂದವರಿಗೆಲ್ಲ ಮಾಡಿ ತೋರಿಸುತ್ತಾನೆ.

ನಾಲ್ಕನೆಯ ದಿನಕ್ಕೆ ಕಿವಿ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಬದನೆಕಾಯಿಯಷ್ಟೇ ದಪ್ಪವಾಯಿತು. ದವಾಖಾನೆಯ ಡಾಕ್ಟರು ನೋಡಿ, "ಯಾರ್ ಚುಚ್ಯಾರ?" ಎಂದರು.

"ನಾನೇ ರೀ."

"ಎಲ್ಲಿ ಕಲ್ತೀರಿ?"

"ನೋಡಿ ಕಲ್ತೇನಿ ರೀ."

ಅವರು ರಿಂಗ್ ತೆಗೆದು, ಕೀವು ತೆಗೆದು, ಎರಡು ಇಂಜೆಕ್ಷನ್ ಕೊಟ್ಟರು. ಈ ಗಟ್ಟಿ ಭಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ನಂಜಾದರೆ ಬೇಗ ಇಳಿಯುವುದಿಲ್ಲ, ಇನ್ನೆರಡು ದಿನ ಬಿಟ್ಟಿದ್ದರೆ ಕಿವಿ ಮುದುಡಿ ಹೋಗುತ್ತಿತ್ತು ಎಂದರು. ಸಿಟ್ಟಿನಿಂದ ಹೇಳಿದ್ದರೆ ಅವರ ನಕಲನ್ನಾದರೂ ಮಾಡಬಹುದಿತ್ತು. ಬಹಳ ಮೆಲ್ಲಗೆ ಹೇಳಿದರು.

ಇಷ್ಟಕ್ಕೇ ಮುಗಿದಿದ್ದರೆ ಹಾಳಾದದ್ದು ನನ್ನ ಕಿವಿಯೊಂದೇ. ಆದರೆ ಅದೇ ವಾರ ಜೇವರ್ಗಿಯಲ್ಲಿ ಅಕ್ಕನ ಮಗಳ ಕಿವಿ ಚುಚ್ಚುವುದಿತ್ತು. ನಮ್ಮಲ್ಲಿ ಮಗುವನ್ನು ಸೋದರಮಾವನೇ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಕೂಸಿದ್ದಾಗಲೇ ಆಗಬೇಕಾದ ಕೆಲಸ, ಹುಡುಗಿಗೆ ಐದು ವರ್ಷ ತುಂಬಿದರೂ ಆಗಿರಲಿಲ್ಲ. ಒಮ್ಮೆ ನನ್ನ ಪರೀಕ್ಷೆ ಬಂತು, ಇನ್ನೊಮ್ಮೆ ನನಗೆ ಬಸ್ಸು ತಪ್ಪಿತು. ಅಕ್ಕನ ಅತ್ತೆ ಎರಡು ಸಲವೂ ಏನೂ ಅನ್ನದೆ ಎಲ್ಲವನ್ನೂ ಅಂದಿದ್ದರು. ಈಗ ಹುಡುಗಿ ಶಾಲೆಗೆ ಸೇರುವವಳಿದ್ದಳು. ಅಕ್ಕ ಫೋನ್ ಮಾಡಿ, "ಈ ಸಲ ತಪ್ತಂದ್ರ ನಾ ಈ ಮನ್ಯಾಗ ತಲಿ ಎತ್ತಂಗಿಲ್ಲ ನೋಡು," ಎಂದಳು. ಕಿವಿಯ ಸುದ್ದಿ ನಾನು ಹೇಳಲಿಲ್ಲ.

ಬೇಸಿಗೆಯಲ್ಲಿ ಕಿವಿ ಮುಚ್ಚುವಂತೆ ಉಣ್ಣೆಯ ಕುಲಾಯಿ ಹಾಕಿಕೊಂಡು ಜೇವರ್ಗಿಯಲ್ಲಿ ಇಳಿದೆ. ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹಿಂದಿನ ಸೀಟಿಗೆ ಹೋಗಿದ್ದರು.

ಪಡಸಾಲೆಯಲ್ಲಿ ಕಿವಿ ಚುಚ್ಚಲು ಪತ್ತಾರ ಕಾಕಾ ಆಗಲೇ ಬಂದು ಕೂತಿದ್ದರು. ಅಕ್ಕನ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಥಂಡಿ ಹತ್ಯದೇನಪ್ಪ?" ಎಂದರು. ಅಷ್ಟರಲ್ಲಿ ಅಕ್ಕನ ಮಗಳು ಓಡಿ ಬಂದು ಕುತ್ತಿಗೆಗೆ ಜೋತುಬಿದ್ದು ಕುಲಾಯಿ ಎಳೆದಳು.

ಕಿವಿಯ ಹತ್ತಿರ ಮುಖ ತಂದು ನೋಡಿದಳು. "ಮಾಮಾ, ಕಿವಿ ಚುಚ್ಚಿದ್ರ ಹಿಂಗಾಗ್ತದೇನು?"

"ಇಲ್ಲವಾ, ಜೇನಹುಳ ಕಡದದ."

"ಖರೇ ಹೇಳು," ಎಂದಳು ಅಕ್ಕ. ಆ ದನಿ ಅವ್ವನದು. ನಾನು ಮಾಡುವುದಕ್ಕಿಂತ ಅಕ್ಕನೇ ಅದನ್ನು ಚೆನ್ನಾಗಿ ಮಾಡುತ್ತಾಳೆ. ಖರೇ ಹೇಳಿದೆ, ದನಿಯ ಸಮೇತ. ಕಾಕಾನ ಎದುರಿಗೇ ಕಾಕಾನ ಕೆಮ್ಮನ್ನು ವಿವರಿಸಬೇಕಾಯಿತು.

ಹುಡುಗಿ ಹೋಗಿ ಜೋಳದ ಚೀಲಗಳ ಹಿಂದೆ ಕೂತುಬಿಟ್ಟಳು. "ನಾ ಒಲ್ಲೆ." ಅವಳಪ್ಪ ಕರೆದ, ಬರಲಿಲ್ಲ. ಪೇಢಾ ತೋರಿಸಿದರು, ಪೇಢಾ ಇಸಿದುಕೊಂಡು ಮತ್ತೆ ಒಳಗೆ ಹೋದಳು. ಅಕ್ಕ ಕೈಯಲ್ಲಿ ಪುಟ್ಟ ರಿಂಗುಗಳ ಡಬ್ಬಿ ಹಿಡಿದು ನಿಂತೇ ಇದ್ದಳು. ಅವಳ ಅತ್ತೆ ಈ ಸಲವೂ ಏನೂ ಅನ್ನಲಿಲ್ಲ.

ಕಾಕಾ ಮಾತ್ರ ಹುಡುಗಿಯನ್ನು ಕರೆಯಲೇ ಇಲ್ಲ. ಬಿಸಿನೀರು, ಸಾಬೂನು ಕೇಳಿದರು. ಚೀಲಗಳ ಎದುರಿಗೇ ಕೂತು ಮೊಳಕೈಯವರೆಗೆ ಕೈ ತೊಳೆದರು, ಉಗುರು ಉಜ್ಜಿದರು, ಮತ್ತೊಮ್ಮೆ ತೊಳೆದರು. ಹೊಸ ತಂತಿಯನ್ನು ಕುದಿಯುವ ನೀರಿಗೆ ಹಾಕಿದರು. ಬಿಳಿ ಬಟ್ಟೆ ಹಾಸಿ ಸಾಮಾನುಗಳನ್ನು ಒಂದೊಂದಾಗಿ ಇಟ್ಟರು.

ನಾನು ಇದನ್ನು ಮೊದಲ ಸಲ ನೋಡುತ್ತಿದ್ದೆ. ಅಫಜಲಪುರದಲ್ಲಿ ಇದೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ನಾನು ಕಲಿತದ್ದು ಅವರು ಮುಂದೆ ಬಂದು ಕೂತ ಮೇಲಿನ ಅರ್ಧ ನಿಮಿಷವನ್ನು. ಅದರ ಹಿಂದಿನ ಅರ್ಧ ಗಂಟೆಯನ್ನು ಮಾಡಿ ತೋರಿಸಿದರೆ ಮದುವೆಮನೆಯಲ್ಲಿ ಯಾರೂ ನಗುವುದಿಲ್ಲ.

ಚೀಲದ ಮೇಲೆ ಎರಡು ಕಣ್ಣು ಕಾಣಿಸಿದವು. "ಅದನ್ಯಾಕ ಕುದಸ್ತಿ?"

"ಹೊಲಸು ಸಾಯ್ಲೆಂತ."

"ಮಾಮಾ ಕುದಿಸಿದ್ನೇನು?"

ಕಾಕಾ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು. "ಇಲ್ಲ," ಎಂದೆ.

"ಮಾಮಾ ಚುಚ್ಚಿದ ಜಾಗದಾಗ ನಾನೂ ಚುಚ್ಚಂಗಿಲ್ಲವಾ," ಎಂದರು ಕಾಕಾ. "ಅಲ್ಲಿ ನಂಗ ಬರಂಗಿಲ್ಲ. ಯಾರರ ಕೇಳಿದ್ರ ದವಾಖಾನಿಗೆ ಕಳಸ್ತೇನಿ. ನಂದು ಕೆಳಗಿನ ಮೆತ್ತನ ಜಾಗ ಅಷ್ಟ."

ಐವತ್ತು ವರ್ಷದಿಂದ ಸೂಜಿ ಹಿಡಿದವರು ತಮಗೆ ಬರುವುದಿಲ್ಲ ಎಂದದ್ದನ್ನು ನಾನು ಅನುಕರಣೆಗೆಂದು ಮನಸ್ಸಿನಲ್ಲೇ ಒಮ್ಮೆ ಹೇಳಿನೋಡಿದೆ. ನಾಲಿಗೆಗೆ ರೂಢಿಯಿರಲಿಲ್ಲ.

ಹುಡುಗಿ ಹೊರಗೆ ಬಂದಳು. ಕಾಕಾ ಎರಡೂ ಹಾಲೆಗೆ ಪೆನ್ನಿನಿಂದ ಚುಕ್ಕಿ ಇಟ್ಟು ಕನ್ನಡಿ ಕೊಟ್ಟರು. "ಈ ಕಡೀದು ಜರಾ ಕೆಳಗ ಅದ," ಎಂದಳು. ಅವರು ಅಳಿಸಿ ಮತ್ತೆ ಇಟ್ಟರು. ಚುಚ್ಚಿಸಿಕೊಳ್ಳುತ್ತೀಯಾ ಎಂದರೆ ಹೂಂ ಎಂದಳು. ಅಕ್ಕ ರಿಂಗಿನ ಡಬ್ಬಿ ತೆರೆದಳು. ನಾನು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡೂ ಕೈ ಚಾಚಿದೆ.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ತೊಡಿ ಮ್ಯಾಲ ಕುಂದರ್ಲಿ ಬಿಡ್ರಿ," ಎಂದ ಭಾವ. "ಸ್ವಾದರಮಾವನ ತೊಡಿ ಬಿಟ್ಟು ಈ ಮನ್ಯಾಗ ಯಾರ ಕಿವೀನೂ ಚುಚ್ಚಿಲ್ಲ," ಎಂದರು ಅವನ ತಾಯಿ. ನೆರೆದವರಲ್ಲಿ ಒಬ್ಬರು ಇವತ್ತು ಬೇಡ, ಮುಂದಿನ ತಿಂಗಳು ನೋಡೋಣ ಎಂದರು. ಅಕ್ಕನ ಕೈಯ ಡಬ್ಬಿ ಮುಚ್ಚಿಕೊಂಡಿತು. ಆಗ ಹುಡುಗಿ ಬಂದು ನನ್ನ ತೊಡೆಯ ಮೇಲೆ ಕೂತಳು. ನನ್ನ ಎರಡೂ ಕೈಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಟ್ಟು, ಅಜ್ಜಿಯ ಕಡೆ ನೋಡಿ ಹೇಳಿದಳು:

"ತೊಡಿ ಅಷ್ಟ ಮಾಮಾಂದು. ಕೈ ನೀ ಹಿಡಿ."