ಸಾವಿನ ಮನೆಯ ಗಿಟಾರು

ಸಿರುಗುಪ್ಪದ ಓಣಿಯೊಂದರಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ತೀರಿಕೊಂಡ ಹಿರಿಯರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದಾರೆ; ಹಣೆಗೆ ವಿಭೂತಿ, ಕೊರಳಿಗೆ ಹಾರ. ಹಾಡಿ ಹಾಡಿ ಭಜನೆಯವರ ಗಂಟಲು ಕಟ್ಟಿದೆ. ಅವರ ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಮೈಲಾರಲಿಂಗಪ್ಪ ತೊಡೆಯ ಮೇಲೆ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಅಡ್ಡಲಾಗಿ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತಾರೆ. ಲಾರಿ ಬ್ಯಾಟರಿಗೆ ಜೋಡಿಸಿದ ಸ್ಪೀಕರ್ ಪೆಟ್ಟಿಗೆಯಿಂದ ಸ್ವರ ಏಳುತ್ತಲೇ, ಅಲ್ಲಿಯತನಕ ಕಲ್ಲಿನಂತೆ ಕೂತಿದ್ದ ಹಿರಿಮಗ ಬಾಯಿಬಿಟ್ಟು ಅಳತೊಡಗುತ್ತಾನೆ.

"ಅಳ್ಲಿ ಬಿಡ್ರಿ, ಹಗುರಾಗ್ತಾನ," ಎನ್ನುತ್ತಾರೆ ಮೈಲಾರಲಿಂಗಪ್ಪ. ಕೈ ನಿಲ್ಲುವುದಿಲ್ಲ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇವರದೊಂದು ಸೈಕಲ್ ಶಾಪು. ಹಗಲು ಪಂಕ್ಚರ್ ಕೆಲಸ, ಮದುವೆ ಸೀಸನ್ನಿನಲ್ಲಿ ಸಂಜೆ ಆರ್ಕೆಸ್ಟ್ರಾ. ಮನೆ ನಡೆಯುವುದು ಇವೆರಡರಿಂದಲೇ. ಆದರೆ ಸಾವಿನ ಸುದ್ದಿ ಬಂತೆಂದರೆ ಎರಡನ್ನೂ ಬದಿಗಿಟ್ಟು, ಗಿಟಾರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸಿಕ್ಕ ಬಸ್ಸು ಹತ್ತುವ ಪುಣ್ಯಾತ್ಮ ಇವರು. ಅದಕ್ಕೆ ಯಾರ ಮುಂದೂ ಕೈಯೊಡ್ಡುವುದಿಲ್ಲ.

ಗಿಟಾರು ಬಂದದ್ದು ಗುಂತಕಲ್ಲಿನಿಂದ. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿನ ಆಂಗ್ಲೋ-ಇಂಡಿಯನ್ ರೈಲು ಡ್ರೈವರೊಬ್ಬರು ಸಂಸಾರ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಾಗ, ಆಗ ಅಲ್ಲೇ ಕೆಲಸಕ್ಕಿದ್ದು, ತಮ್ಮ ಸೈಕಲ್ಲು ನೋಡಿಕೊಳ್ಳುತ್ತ ತಮ್ಮ ಮನೆಯ ವರಾಂಡದಲ್ಲೇ ವಾದ್ಯ ಕಲಿತ ಮೈಲಾರಲಿಂಗಪ್ಪನವರ ಕೈಗೆ ಅದನ್ನಿಟ್ಟು ಹೋದರು. ಅದು ಅಪರೂಪದ ಅಮೆರಿಕನ್ ಗಿಟಾರು, ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ ಎಂದು ತಿಳಿದದ್ದು ಹೋದ ವರ್ಷ. ಬ್ರೂಸ್‌ಪೇಟೆಯ ಮದುವೆಯೊಂದರಲ್ಲಿ ಅದನ್ನು ಕಂಡ ಮದರಾಸಿನ ವಾದ್ಯದ ವ್ಯಾಪಾರಿ ಊಟದ ಪಂಕ್ತಿಯನ್ನೇ ಬಿಟ್ಟೆದ್ದು ಬಂದರು. ಗಿಟಾರು ಕೊಟ್ಟರೆ ಬದಲಿಗೆ ಹೊಚ್ಚಹೊಸ ಜಪಾನಿ ಕೀಬೋರ್ಡು, ಜೊತೆಗೆ ಆಂಪ್ಲಿಫೈಯರು!

ಮಾತು ಬಂದದ್ದು ಸರಿಯಾದ ಹೊತ್ತಿಗೇ. "ಈಗ ಎಲ್ಲಾರೂ ಕೀಬೋರ್ಡ್ ಕೇಳ್ತಾರ. ತಂದ್ರ ಬಾ ಮೈಲಾರಿ, ಇಲ್ಲಾಂದ್ರ ಬ್ಯಾರೆಯವ್ರನ್ನ ನೋಡ್ಕೊಂತೀನಿ," ಎಂದು ಆರ್ಕೆಸ್ಟ್ರಾದ ಯಜಮಾನ ವಿರೂಪಾಕ್ಷಪ್ಪ ಕಡ್ಡಿ ಮುರಿದಂತೆ ಹೇಳಿಯಾಗಿತ್ತು. ಹೆಂಡತಿ ಸಾವಂತ್ರಮ್ಮನದೂ ಅದೇ ರಾಗ: "ಸತ್ತವ್ರು ಎದ್ದು ಬಂದು ಮಕ್ಕಳ ಫೀಸು ಕಟ್ತಾರೇನ್ರಿ?"

ಮೈಲಾರಲಿಂಗಪ್ಪ ಒಬ್ಬರ ಮನೆಯಲ್ಲಿ ಕೀಬೋರ್ಡ್ ನುಡಿಸಿ ನೋಡಿದರು. "ಅದರಾಗ ಸ್ವರ ಮೆಟ್ಲಿಳಿದಂಗ ಇಳಿತಾವ್ರಿ. ಅಳು ಹಂಗ ಬರೂದಿಲ್ಲ, ಜಾರಿಕೊಂತ ಬರ್ತೈತಿ." ಹಾಗೆಂದರೂ, ಮಕ್ಕಳ ಮುಖ ನೋಡಿ ವ್ಯಾಪಾರಿಗೆ ಹೂಂ ಅಂದುಬಿಟ್ಟರು.

ಒಪ್ಪಿದ ದಿನ ಬೆಳಿಗ್ಗೆ ಕಾರು ಬಂತು. ಕೀಬೋರ್ಡು ಇಳಿಯಿತು. ಅದರ ಬೆನ್ನಿಗೇ ಕುರುಗೋಡಿನ ಹೊನ್ನೂರಮ್ಮ ಬಂದಳು. ಬ್ರೂಸ್‌ಪೇಟೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿ. ಅವಳ ಗಂಡ ತೀರಿಕೊಂಡಾಗ ಇವರೇ ಹೋಗಿ ನುಡಿಸಿದ್ದರು. ನನ್ನ ಸಾವಿಗೂ ನೀನೇ ಬರಬೇಕೆಂದು ಅಂದೇ ಮಾತು ತೆಗೆದುಕೊಂಡಿದ್ದಳು. ಗಿಟಾರು ಕೊಡುವ ಸುದ್ದಿಯನ್ನು ಮಾರ್ಕೆಟ್ಟಿನಲ್ಲಿ ಕೇಳಿದವಳು ಬುಟ್ಟಿ ಅಲ್ಲೇ ಬಿಟ್ಟು ಬಂದಿದ್ದಳು. ಬಂದವಳೇ ಗೋಡೆಗೆ ಒರಗಿ, ಕಾಲು ಮಡಚಿ, ಕಣ್ಣು ಮುಚ್ಚಿ ಕೂತಳು.

"ಬಾರಿಸಪಾ."

"ಏನು ಬಾರಿಸ್ಲಿ ಯವ್ವಾ?"

"ನಾ ಸತ್ತಾಗ ಬಾರಿಸೂದು. ಕೊಟ್ಟು ಬಿಡ್ತೀಯಂತಲ್ಲ, ಈಗ ಕೇಳಿ ಹೋಗ್ತೀನಿ. ಸತ್ತ ಮ್ಯಾಲ ಹೆಂಗೂ ನನಗ ಕೇಳ್ಸೂದಿಲ್ಲ."

ಕಾರು ನೋಡಲು ಸೇರಿದ ಓಣಿಯವರು ನಕ್ಕರು. ಮೈಲಾರಲಿಂಗಪ್ಪ ನಗಲಿಲ್ಲ. ಗಿಟಾರು ತೊಡೆಗೇರಿಸಿ ಶುರು ಮಾಡಿದರು. ಮೊದಮೊದಲು ತೊಡೆ ತಟ್ಟುತ್ತಿದ್ದ ಮುದುಕಿಯ ಕೈ ಆಮೇಲೆ ನಿಂತಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ನುಡಿಸುವುದು ಮುಗಿದರೂ ಅವಳು ಅಲುಗಲಿಲ್ಲ. ಸಾವಂತ್ರಮ್ಮ ಓಡಿಹೋಗಿ ಭುಜ ಹಿಡಿದು ಅಲುಗಾಡಿಸಿದರು.

ಹೊನ್ನೂರಮ್ಮ ಒಂದೇ ಕಣ್ಣು ತೆರೆದಳು. "ಅದೀನಿ ಬಿಡವ್ವ. ನನ್ನ ಕೆಲಸ ಆತು, ಇನ್ನ ಕೊಡ್ರಿ."

ಮೈಲಾರಲಿಂಗಪ್ಪ ಹೆಂಡತಿಯ ಮುಖ ನೋಡಿದರು, ಕಂಬಳಿಯನ್ನು ಎಳೆದು ಗಿಟಾರಿಗೆ ಸುತ್ತಿದರು. ಸಾವಂತ್ರಮ್ಮ ಸೆರಗಿನಿಂದ ಮೂಗೊರೆಸಿಕೊಂಡು ವ್ಯಾಪಾರಿಯ ಕೈಗೆ ಲೋಟ ಕೊಟ್ಟರು. "ಚಾ ಕುಡುದು ಹೋಗ್ರಿ ಅಣ್ಣಾರ. ಕಾರ್ ತಂದು ತ್ರಾಸು ಮಾಡ್ಕೊಂಡ್ರಿ. ಅದನ್ನ ಕೊಡಾಕಾಗೂದಿಲ್ಲ."

ಈ ಸೀಸನ್ನಿನಲ್ಲಿ ಆರ್ಕೆಸ್ಟ್ರಾದಿಂದ ಕರೆ ಬಂದಿಲ್ಲ. ಸೈಕಲ್ ಶಾಪು ಮೊದಲಿಗಿಂತ ಬೇಗ ತೆರೆಯುತ್ತದೆ, ತಡವಾಗಿ ಮುಚ್ಚುತ್ತದೆ. ಸಾವಂತ್ರಮ್ಮ ಮನೆಯಲ್ಲಿ ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಬೇಸರವಿಲ್ಲವೇ ಎಂದರೆ ಮೈಲಾರಲಿಂಗಪ್ಪ ಮುಚ್ಚಿಡುವುದಿಲ್ಲ: "ಐತ್ರಿ, ಸುಳ್ಳು ಯಾಕ ಹೇಳ್ಲಿ? ಮದುವ್ಯಾಗ ಬಾರಿಸೂದಂದ್ರ ನನಗೂ ಆಸೆ ಐತಿ." ಇಂಥವರನ್ನು ಕಂಡು ಮನಸ್ಸು ತುಂಬಿ ಬರುತ್ತದೆ.

ಮಾತಿನ ನಡುವೆ ಖಾಲಿ ಬುಟ್ಟಿ ಹೊತ್ತ ಹೊನ್ನೂರಮ್ಮ ಶಾಪಿನ ಮುಂದೆ ನಿಲ್ಲುತ್ತಾಳೆ. ಊರಿಗೆ ಹೋಗುವ ಮುನ್ನ ವಿಚಾರಿಸಿಕೊಂಡು ಹೋಗುವುದು ಅವಳ ರೂಢಿ.

"ಐತೇನಪಾ ಇನ್ನೂ?"

ಮೈಲಾರಲಿಂಗಪ್ಪ ಪಂಕ್ಚರ್ ಟ್ಯೂಬಿನಿಂದ ತಲೆ ಎತ್ತುತ್ತಾರೆ. "ಐತಿ ಯವ್ವಾ. ನೀ ಅವಸರ ಮಾಡಬ್ಯಾಡ."